ಬೇರುಗಂಟಿನ ಜೀನುಗಳು ಒಬ್ಬರ ಸ್ವತ್ತಲ್ಲ

ಚಿಂತಾಮಣಿಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಅವತ್ತು ಬಾಯಲ್ಲಿ ಹೇಳಿದ್ದನ್ನೇ ಸ್ವಲ್ಪ ಜೋಡಿಸಿ ಬರೆದಿದೀನಿ, ಜನ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನ ಕೊನೇಲಿ ಸೇರಿಸಿದೀನಿ. ಬಂದಿದ್ದೋರಲ್ಲಿ ಕಾಲೇಜು ಹುಡುಗ್ರೂ ಇದ್ರು ರೈತರೂ ಇದ್ರು, ಅದಕ್ಕೇ ಮಾತು ಒಂದ್ಸಲ ಲ್ಯಾಬ್ ಕಡೆ ಹೋಗತ್ತೆ ಇನ್ನೊಂದ್ಸಲ ಹೊಲದ ಕಡೆ.

ಎಲ್ಲರಿಗೂ ನಮಸ್ಕಾರ. ಟೇಬಲ್ ಮೇಲೆ ಮೂರು ಗಿಡ ಇಟ್ಟಿದೀನಿ, ಅವರೆ, ಕಡಲೆಕಾಯಿ, ಟೊಮೇಟೊ. ಮೂರನ್ನೂ ಇಲ್ಲೇ ಹತ್ತಿರದ ಹೊಲಗಳಿಂದ ಮಣ್ಣುಹೆಂಟೆ ಸಮೇತ ಗುದ್ದಲೀಲಿ ಎತ್ತಿಸಿ ಬಕೆಟ್ ನೀರಲ್ಲಿ ನೆನೆಸಿ ತೊಳೆದಿದ್ದು. ಕೈಲಿ ಎಳೆದು ಕಿತ್ರೆ ಗಂಟೆಲ್ಲ ಮಣ್ಣಲ್ಲೇ ಉಳ್ಕೊಂಡು ಬಿಡತ್ತೆ, ಆಮೇಲೆ ನಮ್ಮ ಹೊಲದಲ್ಲಿ ಗಂಟೇ ಕಟ್ಟಿಲ್ಲ ಅಂತೀವಿ. ಮೊದಲು ಟೊಮೇಟೊ ಬೇರು ನೋಡಿ. ಇದರಲ್ಲೂ ಗಂಟಿದೆ, ಆದ್ರೆ ಇದು ಬೇರೇ ಊದ್ಕೊಂಡಿರೋದು, ನೆಮಟೋಡ್ ಅನ್ನೋ ಜಂತುಹುಳದ ಕೆಲಸ, ಎಷ್ಟು ಕೆರೆದ್ರೂ ಬಿಡಿಯಾಗಿ ಬರಲ್ಲ. ಅವರೆ ಬೇರಿನದು ಹಾಗಲ್ಲ, ಪಕ್ಕಕ್ಕೆ ಅಂಟ್ಕೊಂಡಿರತ್ತೆ, ಉಗುರಲ್ಲಿ ತಳ್ಳಿದ್ರೆ ಕಳಚ್ಕೊಂಡು ಬರತ್ತೆ. ಬ್ಲೇಡಲ್ಲಿ ಎರಡು ಹೋಳು ಮಾಡ್ತೀನಿ, ಮುಂದೆ ಕೂತಿರೋರಿಗೆ ಕಾಣ್ತಿರಬೇಕು, ಒಳಗೆ ಕೆಂಪಗಿದೆ. ಲೆಗ್‌ಹಿಮೋಗ್ಲೋಬಿನ್ ಅನ್ನೋ ಪ್ರೋಟೀನ್ ಅದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧೀನೇ, 1939ರಲ್ಲಿ ಜಪಾನಿನ ಕುಬೋ ಗುರುತಿಸಿದ್ದು. ಒಳಗೆ ಕೆಂಪಿದ್ರೆ ಗಂಟು ಕೆಲಸ ಮಾಡ್ತಿದೆ ಅಂತ ಅರ್ಥ, ಬೆಳ್ಳಗಿದ್ರೆ ಇಲ್ಲ, ಹಸಿರಾಗಿದ್ರೆ ವಯಸ್ಸಾಯ್ತು ಅಂತ.

ಏನು ಕೆಲಸ ಅನ್ನೋದು ನಿಮಗೆಲ್ಲ ಗೊತ್ತಿರೋದೇ. ಗಾಳೀಲಿ 78 ಪರ್ಸೆಂಟ್ ಸಾರಜನಕ ಇದ್ರೂ ಗಿಡಕ್ಕೆ ನೇರವಾಗಿ ಅದು ದಕ್ಕಲ್ಲ. 1886ರಲ್ಲಿ ಜರ್ಮನಿಯ ಹೆಲ್ರೀಗೆಲ್, ವಿಲ್ಫಾರ್ತ್ ಇಬ್ಬರು, ಬೇರುಗಂಟು ಇದ್ರೇನೇ ದ್ವಿದಳ ಗಿಡಕ್ಕೆ ಗಾಳಿಯ ಸಾರಜನಕ ಸಿಗೋದು ಅಂತ ತೋರಿಸಿದ್ರು, 1888ರಲ್ಲಿ ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿಂದ ಬ್ಯಾಕ್ಟೀರಿಯಾನ ಬೇರ್ಪಡಿಸಿ ಬೆಳೆಸಿದ್ರು. ಅಲ್ಲಿಂದ ಮುಂದೆ ಬಹಳ ಕಾಲ ಯಾವ ಗಿಡದಲ್ಲಿ ಗಂಟು ಕಟ್ಟತ್ತೋ ಅದರ ಲೆಕ್ಕದಲ್ಲೇ ಬ್ಯಾಕ್ಟೀರಿಯಾಗೆ ಹೆಸರಿಟ್ಕೊಂಡು ಬಂದ್ರು, ಕ್ಲೋವರ್‌ದು ಒಂದು ಜಾತಿ, ಬೀನ್ಸ್‌ದು ಒಂದು ಜಾತಿ, ಕುದುರೆಮಸಾಲೆ ಸೊಪ್ಪಿಂದು ಇನ್ನೊಂದು ಜಾತಿ. ಗಂಟು ಕಟ್ಟೋ ಗುಣ ಆ ಜಾತಿಯ ಹುಟ್ಟುಗುಣ ಅನ್ನೋ ನಂಬಿಕೆ ಅದು. ಆ ನಂಬಿಕೆ ಹೇಗೆ ಮುರಿದು ಬಿತ್ತು, ಅದರಿಂದ ನಮ್ಮ ಹೊಲದ ಬಗ್ಗೆ ಏನು ಗೊತ್ತಾಗತ್ತೆ ಅನ್ನೋದೇ ಇವತ್ತು ನಾನು ಹೇಳ್ಬೇಕು ಅಂತಿರೋ ವಿಷಯ.

ಗಂಟು ಶುರುವಾಗೋದು ಒಂದು ಮಾತುಕತೆಯಿಂದ, ಮೊದಲು ಮಾತಾಡೋದು ಗಿಡ. ಬೇರಿಂದ ಫ್ಲೇವನಾಯ್ಡ್ ಅನ್ನೋ ರಾಸಾಯನಿಕಗಳು ಮಣ್ಣಿಗೆ ಒಸರುತ್ವೆ. ಬ್ಯಾಕ್ಟೀರಿಯಾದಲ್ಲಿ ನಾಡ್ ಡಿ ಅಂತ ಒಂದು ಜೀನ್ ಇದೆ, ಅದರ ಪ್ರೋಟೀನು ಈ ಫ್ಲೇವನಾಯ್ಡನ್ನ ಗುರುತು ಹಿಡಿದು ಮಿಕ್ಕ ನಾಡ್ ಜೀನುಗಳನ್ನ ಎಬ್ಬಿಸತ್ತೆ. ಎಲ್ಲಾ ಬ್ಯಾಕ್ಟೀರಿಯಾದ ನಾಡ್ ಡಿ ಎಲ್ಲಾ ಗಿಡದ ಮಾತನ್ನೂ ಕೇಳಿಸ್ಕೊಳಲ್ಲ, ಕುದುರೆಮಸಾಲೆಯ ಬ್ಯಾಕ್ಟೀರಿಯಾ ಲ್ಯೂಟಿಯೋಲಿನ್‌ಗೆ ಎದ್ರೆ ಸೋಯಾದ್ದು ಜೆನಿಸ್ಟೀನ್‌ಗೆ ಏಳತ್ತೆ. ಅಮೆರಿಕಾದ ಶ್ಯಾರನ್ ಲಾಂಗ್ ಮತ್ತೆ ಜೊತೆಗಾರರು 1982ರಲ್ಲಿ ಈ ನಾಡ್ ಜೀನುಗಳನ್ನ ಕ್ಲೋನ್ ಮಾಡಿದ್ರು, ಅಂದ್ರೆ ಬೇರ್ಪಡಿಸಿ ನಕಲು ತೆಗೆದ್ರು. ಅವರು ಮಾಡಿದ ವಿಧಾನ ಚೆನ್ನಾಗಿದೆ, ಗಂಟು ಕಟ್ಟೋ ಶಕ್ತಿ ಕಳ್ಕೊಂಡ ಮ್ಯುಟೆಂಟ್ ಬ್ಯಾಕ್ಟೀರಿಯಾಗೆ ಸರಿ ಇರೋ ಬ್ಯಾಕ್ಟೀರಿಯಾದ ಡಿಎನ್‌ಎ ತುಂಡುಗಳನ್ನ ಹಾಕ್ತಾ ಹೋಗೋದು, ಯಾವ ತುಂಡು ಹಾಕಿದಾಗ ಮತ್ತೆ ಗಂಟು ಕಟ್ಟತ್ತೋ ಆ ತುಂಡಲ್ಲೇ ಜೀನ್ ಇದೆ ಅಂತ. ಲ್ಯೂಟಿಯೋಲಿನ್ ವಿಷಯ ಬೆಳಕಿಗೆ ಬಂದಿದ್ದೂ ಅವರ ಲ್ಯಾಬಲ್ಲೇ, 1986ರಲ್ಲಿ.

ಜೀನುಗಳು ಎದ್ದ ಮೇಲೆ ಬ್ಯಾಕ್ಟೀರಿಯಾ ವಾಪಸ್ ಉತ್ತರ ಕಳಿಸತ್ತೆ, ಅದಕ್ಕೆ ನಾಡ್ ಫ್ಯಾಕ್ಟರ್ ಅಂತಾರೆ. ಇದರ ರಚನೆ ಏನು ಅಂತ 1990ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಪತ್ತೆ ಹಚ್ಚಿದ್ರು. ಸೀಗಡಿ ಚಿಪ್ಪಲ್ಲಿರೋ ಕೈಟಿನ್ ಇದೆಯಲ್ಲ, ಅದರದ್ದೇ ನಾಲ್ಕೈದು ಕೊಂಡಿಯ ಚಿಕ್ಕ ಸರಪಳಿ, ಒಂದು ತುದೀಲಿ ಕೊಬ್ಬಿನ ಬಾಲ. ನಾಡ್ ಸಿ ಸರಪಳಿ ಕಟ್ಟತ್ತೆ, ನಾಡ್ ಬಿ ತುದೀಲಿರೋ ಒಂದು ಅಸಿಟೈಲ್ ಗುಂಪನ್ನ ಕಿತ್ತು ಜಾಗ ಮಾಡತ್ತೆ, ನಾಡ್ ಎ ಆ ಜಾಗಕ್ಕೆ ಕೊಬ್ಬಿನ ಬಾಲ ಅಂಟಿಸತ್ತೆ. ಈ ಮೂರು ಹೆಚ್ಚುಕಮ್ಮಿ ಎಲ್ಲಾ ರೈಜೋಬಿಯಂಗಳಲ್ಲೂ, ಅಂದ್ರೆ ಬೇರುಗಂಟು ಕಟ್ಟೋ ಬ್ಯಾಕ್ಟೀರಿಯಾಗಳಲ್ಲೂ, ಇವೆ. ವ್ಯತ್ಯಾಸ ಬರೋದು ಆಮೇಲೆ ಅದರ ಮೇಲೆ ಕೂರಿಸೋ ಚಿಕ್ಕಚಿಕ್ಕ ಗುಂಪುಗಳಲ್ಲಿ. ಕುದುರೆಮಸಾಲೆಯ ಬ್ಯಾಕ್ಟೀರಿಯಾದಲ್ಲಿ ನಾಡ್ ಎಚ್ ಜೀನು ಗಂಧಕದ ಒಂದು ಗುಂಪನ್ನ ಸೇರಿಸತ್ತೆ, ಆ ಒಂದು ಜೀನ್ ಕೆಡಿಸಿದ್ರೆ ಅದೇ ಬ್ಯಾಕ್ಟೀರಿಯಾಗೆ ಕುದುರೆಮಸಾಲೆ ಬಾಗಿಲು ತೆಗೆಯಲ್ಲ, ಬದಲಿಗೆ ವೆಚ್ ಅನ್ನೋ ಬೇರೆ ಗಿಡದ ಬೇರಲ್ಲಿ ಗಂಟು ಕಟ್ಟೋಕೆ ಶುರು ಮಾಡತ್ತೆ. ಒಂದೇ ಒಂದು ಜೀನು! ಇನ್ನೂ ಒಂದು ಮಾತು, ಬ್ಯಾಕ್ಟೀರಿಯಾನೇ ಇಲ್ದೆ ಬರೀ ಶುದ್ಧ ನಾಡ್ ಫ್ಯಾಕ್ಟರ್ ಕೊಟ್ರೂ ಕುದುರೆಮಸಾಲೆ ಬೇರಲ್ಲಿ ಖಾಲಿ ಗಂಟು ಮೂಡತ್ತೆ. ಅಂದ್ರೆ ಗಂಟು ಕಟ್ಟೋ ಪೂರ್ತಿ ವಿದ್ಯೆ ಗಿಡದ ಹತ್ರಾನೇ ಇದೆ, ಬ್ಯಾಕ್ಟೀರಿಯಾ ಕೊಡೋದು ಅಪ್ಪಣೆ ಮಾತ್ರ.

ಈಗ ನಮ್ಮ ಅವರೆಗೆ ಬರೋಣ, ಇದನ್ನ ಹೇಳೋಕೆ ನನಗೆ ತುಂಬಾ ಖುಷಿ. ಜಗತ್ತಿನ ರೈಜೋಬಿಯಂಗಳಲ್ಲಿ ಅತಿ ಹೆಚ್ಚು ಥರದ ಗಿಡಗಳ ಜೊತೆ ಗಂಟು ಕಟ್ಟೋದಕ್ಕೆ ಹೆಸರಾಗಿರೋದು ಎನ್‌ಜಿಆರ್ 234 ಅನ್ನೋ ತಳಿ. ಅದು ಸಿಕ್ಕಿದ್ದು ಎಲ್ಲಿ ಅಂದ್ರೆ ಪಪುವಾ ನ್ಯೂಗಿನಿಯಲ್ಲಿ, ಅವರೆ ಗಿಡದ ಗಂಟಲ್ಲಿ! ಹೌದು, ನಾವು ಹಿಸುಕಿ ಸಾರು ಮಾಡೋ ಇದೇ ಅವರೆ, ಲ್ಯಾಬ್ಲ್ಯಾಬ್ ಪರ್ಪ್ಯೂರಿಯಸ್. 110ಕ್ಕೂ ಹೆಚ್ಚು ಕುಲದ ಗಿಡಗಳ ಜೊತೆ ಅದಕ್ಕೆ ಹೊಂದಾಣಿಕೆ ಇದೆ, ದ್ವಿದಳವೇ ಅಲ್ಲದ ಪ್ಯಾರಸ್ಪೋನಿಯಾ ಅನ್ನೋ ಮರದಲ್ಲೂ ಗಂಟು ಕಟ್ಟತ್ತೆ. ಕಾರಣ ಏನಂದ್ರೆ ಅದು ಒಂದೇ ನಮೂನೆ ನಾಡ್ ಫ್ಯಾಕ್ಟರ್ ಮಾಡಲ್ಲ, ಹತ್ತಾರು ನಮೂನೆ ಮಾಡತ್ತೆ, ಎದುರಿಗೆ ಯಾವ ಗಿಡ ಬಂದ್ರೂ ಯಾವುದೋ ಒಂದು ಹೊಂದ್ಕೊಳತ್ತೆ. ಈ ವಿದ್ಯೆಯೆಲ್ಲ ಬಹುಪಾಲು ಇರೋದು ಮುಖ್ಯ ಕ್ರೋಮೋಸೋಮಲ್ಲಲ್ಲ, ಸುಮಾರು 5 ಲಕ್ಷ 36 ಸಾವಿರ ಬೇಸ್ ಜೋಡಿ (ಡಿಎನ್‌ಎಯ ಅಕ್ಷರಗಳ ಜೋಡಿ) ಉದ್ದದ ಒಂದು ಪ್ಲಾಸ್ಮಿಡ್‌ನಲ್ಲಿ, ಅಂದ್ರೆ ಕ್ರೋಮೋಸೋಮಿಂದ ಪ್ರತ್ಯೇಕವಾಗಿರೋ ಡಿಎನ್‌ಎ ಉಂಗುರದಲ್ಲಿ. ಅದರ ಪೂರ್ತಿ ಸೀಕ್ವೆನ್ಸ್ 1997ರಲ್ಲಿ ಬಂತು.

ಕಡಲೆಕಾಯಿ ಗಿಡಾನೂ ಒಂದ್ಸಲ ಹತ್ತಿರದಿಂದ ನೋಡ್ಬಿಡಿ. ಗಂಟುಗಳು ಎಲ್ಲೆಂದ್ರಲ್ಲಿ ಇಲ್ಲ, ತಾಯಿಬೇರಿಂದ ಕವಲುಬೇರು ಹೊರಡೋ ಸಂದೀಲೇ ಕೂತಿವೆ. ಕುದುರೆಮಸಾಲೆ, ಬಟಾಣಿಗಳಲ್ಲಿ ಬೇರಿನ ರೋಮ ಸುರುಳಿ ಸುತ್ಕೊಂಡು ಬ್ಯಾಕ್ಟೀರಿಯಾನ ಒಳಗೆ ಕರ್ಕೊಂಡ್ರೆ ಕಡಲೆಕಾಯೀಲಿ ಕವಲುಬೇರು ಹೊರಗೆ ಬರುವಾಗ ಆಗೋ ಸೀಳಿಂದಾನೇ ಒಳಗೆ ಹೋಗೋದು. ಒಳಗೆ ಹೋದ ಮೇಲೆ ಆಕಾರವೂ ಬದಲಾಗತ್ತೆ, ಅದೇ ತಳಿ ಅಲಸಂದೆ ಗಂಟಲ್ಲಿದ್ರೆ ಕಡ್ಡಿ ಆಕಾರ, ಕಡಲೆಕಾಯಿ ಗಂಟಲ್ಲಿದ್ರೆ ಉಬ್ಬಿದ ಗುಂಡು. ಆಕಾರ ತೀರ್ಮಾನ ಮಾಡೋದು ಗಿಡ. ಇದಕ್ಕಿಂತ ವಿಚಿತ್ರದ್ದೂ ಇದೆ, ಜೌಗಿನಲ್ಲಿ ಬೆಳೆಯೋ ಈಸ್ಕಿನೋಮಿನಿ ಅನ್ನೋ ದ್ವಿದಳ ಗಿಡದ ಕೆಲವು ಬ್ಯಾಕ್ಟೀರಿಯಾದಲ್ಲಿ ನಾಡ್ ಎ, ಬಿ, ಸಿ ಮೂರೂ ಇಲ್ಲ, ಆದ್ರೂ ಗಂಟು ಕಟ್ಟತ್ತೆ ಅಂತ 2007ರಲ್ಲಿ ಗೊತ್ತಾಯ್ತು.

ಒಳಗೆ ಹೋಗೋದು ಒಂದು ಭಾಗ, ಸಾರಜನಕ ಹಿಡಿಯೋದು ಇನ್ನೊಂದು. ಅದಕ್ಕೆ ನಿಫ್ ಜೀನುಗಳು, ಅವು ಕಟ್ಟೋ ಎಂಜೈಮು ನೈಟ್ರೋಜಿನೇಸ್. ಒಂದು ಸಾರಜನಕ ಅಣು ಮುರಿಯೋಕೆ ಕಡಿಮೆ ಅಂದ್ರೂ 16 ಎಟಿಪಿ, ಅಂದ್ರೆ ಜೀವಕೋಶಕ್ಕೆ ಶಕ್ತಿ ಕೊಡೋ ಅಣು, ಬೇಕು, ಆ ಖರ್ಚಿಗೆ ಸಕ್ಕರೆ ಕೊಡೋದು ಗಿಡ. ಈ ಎಂಜೈಮಿಗೆ ಆಮ್ಲಜನಕ ತಾಗಿದ್ರೆ ಕೆಟ್ಟು ಹೋಗತ್ತೆ, ಆದ್ರೆ ಬ್ಯಾಕ್ಟೀರಿಯಾ ಉಸಿರಾಡೋಕೆ ಆಮ್ಲಜನಕ ಬೇಕೇ ಬೇಕು. ಆ ಕೆಂಪು ಪ್ರೋಟೀನ್ ಇರೋದೇ ಇದಕ್ಕೆ, ಆಮ್ಲಜನಕಾನ ಬಿಡುಬೀಸಾಗಿ ಓಡಾಡೋಕೆ ಬಿಡದೆ ಹಿಡ್ಕೊಂಡು ಅಳತೆ ಪ್ರಕಾರ ಕೊಡತ್ತೆ. ಬ್ಯಾಕ್ಟೀರಿಯಾದಲ್ಲಿ ಫಿಕ್ಸ್ ಎಲ್ ಅನ್ನೋ ಪ್ರೋಟೀನು ಆಮ್ಲಜನಕ ಕಮ್ಮಿಯಾಯ್ತು ಅಂತ ಗಮನಿಸಿದ ಮೇಲೇನೇ ನಿಫ್ ಜೀನುಗಳು ಏಳೋದು.

ಸರಿ, ನಿಫ್ ಜೀನ್ ಇದ್ಮೇಲೆ ಮಣ್ಣಲ್ಲಿ ಒಂಟಿಯಾಗಿದ್ದಾಗ್ಲೂ ಇದು ಸಾರಜನಕ ಹಿಡೀಬಹುದಲ್ಲ? ಬಹುಪಾಲು ರೈಜೋಬಿಯಂಗಳ ಕೈಲಿ ಆಗಲ್ಲ. ನೈಟ್ರೋಜಿನೇಸಿನ ಹೃದಯದಲ್ಲಿ ಕಬ್ಬಿಣ-ಮಾಲಿಬ್ಡಿನಂ ಇರೋ ಒಂದು ಗೊಂಚಲಿದೆ, ಅದನ್ನ ಕಟ್ಟೋಕೆ ಹೋಮೋಸಿಟ್ರೇಟ್ ಅನ್ನೋ ವಸ್ತು ಬೇಕು, ಅದನ್ನ ತಯಾರಿಸೋದು ನಿಫ್ ವಿ ಜೀನು. ಸ್ವತಂತ್ರವಾಗಿ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾಗಳಲ್ಲಿ ಈ ಜೀನ್ ಇದೆ, ಹೆಚ್ಚಿನ ರೈಜೋಬಿಯಂಗಳಲ್ಲಿ ಇಲ್ಲ. 2009ರಲ್ಲಿ ಜಪಾನಿನ ಸಂಶೋಧಕರು ಲೋಟಸ್ ಅನ್ನೋ ದ್ವಿದಳ ಗಿಡದಲ್ಲಿ (ತಾವರೆ ಅಲ್ಲ) ಆ ಕೆಲಸ ಮಾಡೋ ಜೀನ್ ಹುಡುಕಿದ್ರು, ಹೋಮೋಸಿಟ್ರೇಟ್ ಮಾಡಿ ಕೊಡ್ತಿರೋದು ಗಿಡ! ಒಂದು ಎಂಜೈಮಿನ ಸಾಮಾನು ಎರಡು ಜೀವಿಗಳ ಮನೇಲಿ ಹಂಚಿ ಹೋಗಿದೆ. ಎಷ್ಟು ಸಲ ಪಾಠ ಮಾಡಿದ್ರೂ ಈ ಜಾಗಕ್ಕೆ ಬಂದಾಗ ನನಗೆ ಮೈ ಜುಮ್ ಅನ್ನತ್ತೆ.

ಈಗ ಮುಖ್ಯ ವಿಷಯ, ಈ ನಾಡ್ ನಿಫ್ ಎಲ್ಲ ಬ್ಯಾಕ್ಟೀರಿಯಾದೊಳಗೆ ಎಲ್ಲಿವೆ. ಕುದುರೆಮಸಾಲೆಯ ಬ್ಯಾಕ್ಟೀರಿಯಾದ ಜೀನೋಮ್ 2001ರಲ್ಲಿ ಪೂರ್ತಿ ಓದಿದಾಗ ಮೂರು ಡಿಎನ್‌ಎ ಸಿಕ್ತು, 36.5 ಲಕ್ಷ ಬೇಸ್ ಜೋಡಿಯ ಕ್ರೋಮೋಸೋಮು, ಜೊತೆಗೆ 13.5 ಲಕ್ಷದ್ದು ಒಂದು, 16.8 ಲಕ್ಷದ್ದು ಇನ್ನೊಂದು, ಎರಡು ದೈತ್ಯ ಪ್ಲಾಸ್ಮಿಡ್. ನಾಡ್, ನಿಫ್ ಜೀನುಗಳು ಇರೋದು 13.5 ಲಕ್ಷದ ಆ ಪ್ಲಾಸ್ಮಿಡ್‌ನಲ್ಲಿ. ಪ್ಲಾಸ್ಮಿಡ್ ಅಂದ್ರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಾಗಬಹುದಾದ ವಸ್ತು. 1978ರಲ್ಲೇ ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಸಂಸ್ಥೆಯಲ್ಲಿ ಆಂಡ್ರೂ ಜಾನ್‌ಸ್ಟನ್ ಮತ್ತೆ ಜೊತೆಯವರು ಬಟಾಣಿಯ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ಡನ್ನ ಬೇರೆ ಜಾತಿ ರೈಜೋಬಿಯಂಗೆ ದಾಟಿಸಿ, ಅದು ಬಟಾಣೀಲಿ ಗಂಟು ಕಟ್ಟೋದನ್ನ ತೋರಿಸಿದ್ರು. ಇಲ್ಲಿ ಟೊಮೇಟೊ ಮಂಡಿ ಮುಂದೆ ನಿಂತಿರೋ ಲಾರೀಲಿ ನಂಬರ್ ಪ್ಲೇಟ್ ಕಾಣತ್ತೆ, ಒಳಗೆ ಯಾರ ತೋಟದ ಕ್ರೇಟು ಇದೆ ಅಂತ ಹೊರಗಡೆಯಿಂದ ಹೇಳೋಕಾಗಲ್ಲ, ಕ್ರೇಟು ಇಳಿಸಿ ಇನ್ನೊಂದು ಲಾರಿಗೆ ಹಾಕಿದ್ರೂ ಹಣ್ಣು ಅದೇ. ಹಂಗೇ ಬ್ಯಾಕ್ಟೀರಿಯಾದ ಜಾತಿ ಬೇರೆ, ಅದು ಹೊತ್ತಿರೋ ಗಂಟಿನ ಜೀನುಗಳು ಬೇರೆ.

ಇದು ಲ್ಯಾಬಲ್ಲಿ ಮಾತ್ರ ಆಗೋದಾ, ನಿಜವಾದ ಹೊಲದಲ್ಲೂ ಆಗತ್ತಾ? ನ್ಯೂಜಿಲೆಂಡಲ್ಲಿ ಒಂದು ಜಾಗದಲ್ಲಿ ಲೋಟಸ್ ಬಿತ್ತಿದ್ರು, ಆ ಮಣ್ಣಲ್ಲಿ ಲೋಟಸ್‌ಗೆ ಗಂಟು ಕಟ್ಟೋ ಬ್ಯಾಕ್ಟೀರಿಯಾನೇ ಇರ್ಲಿಲ್ಲ, ಅದಕ್ಕೆ ಒಂದೇ ಒಂದು ತಳಿ ಬೀಜದ ಜೊತೆ ಹಾಕಿದ್ರು. ಏಳು ವರ್ಷ ಆದ್ಮೇಲೆ ಒಟಾಗೋ ವಿಶ್ವವಿದ್ಯಾಲಯದ ಜಾನ್ ಸಲಿವನ್, ಕ್ಲೈವ್ ರಾನ್ಸನ್ ಮತ್ತೆ ಜೊತೆಯವರು ಹೋಗಿ ಗಂಟು ಕಿತ್ತು ನೋಡಿದ್ರೆ ಒಳಗೆ ಬೇರೆ ಬೇರೆ ಥರದ ಬ್ಯಾಕ್ಟೀರಿಯಾ! ಕ್ರೋಮೋಸೋಮ್ ನೋಡಿದ್ರೆ ಅಲ್ಲಿನ ಮಣ್ಣಿನವೇ, ಆದ್ರೆ ಗಂಟು ಕಟ್ಟೋ ಜೀನುಗಳು ಮಾತ್ರ ಏಳು ವರ್ಷದ ಹಿಂದೆ ಹಾಕಿದ ಆ ಒಂದು ತಳೀದು. 1995ರಲ್ಲಿ ಇದು ಪ್ರಕಟ ಆಯ್ತು, 1998ರಲ್ಲಿ ಹೇಗೆ ಅನ್ನೋದೂ ಹೇಳಿದ್ರು. ಸುಮಾರು 5 ಲಕ್ಷ ಬೇಸ್ ಜೋಡಿಯ ಒಂದು ತುಂಡು ಕ್ರೋಮೋಸೋಮಿಂದ ಕಳಚಿ, ಪಕ್ಕದ ಬ್ಯಾಕ್ಟೀರಿಯಾಗೆ ದಾಟಿ, ಅಲ್ಲಿ ಫಿನೈಲ್‌ಅಲನಿನ್ ಟಿಆರ್‌ಎನ್‌ಎ ಅನ್ನೋ, ಪ್ರೋಟೀನ್ ಕಟ್ಟೋಕೆ ಬೇಕಾದ ಒಂದು ಜೀನಿನ ತುದಿಗೆ ಸೇರ್ಕೊಳತ್ತೆ, ಆ ಜೀನನ್ನೂ ಕೆಡಿಸಲ್ಲ. ಅದಕ್ಕೆ ಸಿಂಬಯಾಸಿಸ್ ಐಲ್ಯಾಂಡ್, ಅಂದ್ರೆ ಸಹಜೀವನದ ದ್ವೀಪ, ಅಂತ ಹೆಸರು. ನಿನ್ನೆವರೆಗೂ ಗಿಡದ ಸಂಬಂಧವೇ ಇಲ್ಲದ ಮಣ್ಣಿನ ಬ್ಯಾಕ್ಟೀರಿಯಾ ಇಷ್ಟು ಬಂದ್ರೆ ಸಾಕು, ಗಂಟು ಕಟ್ಟತ್ತೆ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಬೈಸೆರುಲಾ ಅನ್ನೋ ಮೇವಿನ ಗಿಡ ತಂದ್ರು, ಜೊತೆಗೆ ಅದರ ತಳೀನೂ ಹಾಕಿದ್ರು, ಕೆಲವೇ ವರ್ಷದಲ್ಲಿ ಅಲ್ಲಿಯ ಬ್ಯಾಕ್ಟೀರಿಯಾಗಳು ಆ ಜೀನುಗಳನ್ನ ಪಡ್ಕೊಂಡ್ವು, ಅದರಲ್ಲಿ ಕೆಲವು ಗಂಟೇನೋ ಕಟ್ತವೆ ಆದ್ರೆ ಸಾರಜನಕ ಸರಿಯಾಗಿ ಕೊಡಲ್ಲ, ಕೊಡೋ ತಳಿಯ ಜೊತೆ ಜಾಗಕ್ಕೆ ಪೈಪೋಟಿಗೂ ನಿಲ್ತವೆ. ಗಂಟಿನ ಜೀನುಗಳು ಬಂದ ಮಾತ್ರಕ್ಕೆ ಹೊಸ ಮನೆಯ ಮಿಕ್ಕ ಜೀನುಗಳ ಜೊತೆ ಹೊಂದಾಣಿಕೆ ಆಗಿರಲ್ಲ.

ಟೊಮೇಟೊ ಬೆಳೆಯೋರಿಗೆ ಇನ್ನೊಂದು ಹೇಳ್ಬೇಕು. ಸೊರಗು ರೋಗ ಗೊತ್ತಲ್ಲ, ಗಿಡ ಹಸಿರಾಗಿದ್ದಂಗೇ ಜೋತು ಬೀಳೋದು, ಕಾಂಡ ಕುಯ್ದು ಗ್ಲಾಸ್ ನೀರಲ್ಲಿ ನಿಲ್ಸಿದ್ರೆ ಬಿಳಿ ಎಳೆ ಇಳಿಯೋದು. ಅದು ರಾಲ್‌ಸ್ಟೋನಿಯಾ ಅನ್ನೋ ಬ್ಯಾಕ್ಟೀರಿಯಾ. ಟುಲೂಸ್‌ನೋರು ಮುಟ್ಟಿದರೆ ಮುನಿ ಗಿಡದಲ್ಲಿ ಗಂಟು ಕಟ್ಟೋ ಒಂದು ಬ್ಯಾಕ್ಟೀರಿಯಾದ ಪ್ಲಾಸ್ಮಿಡ್ಡನ್ನ ಈ ರಾಲ್‌ಸ್ಟೋನಿಯಾ ಒಳಗೆ ಹಾಕಿದ್ರು. ಮೊದಲಿಗೆ ಗಂಟು ಕಟ್ಟಲಿಲ್ಲ. ಆಮೇಲೆ ಗಿಡದ ಮೇಲೇ ಬೆಳೆಸಿ ಬೆಳೆಸಿ ಆರಿಸಿದಾಗ ಗಂಟು ಕಟ್ಟೋವು ಸಿಕ್ಕಿದ್ವು, ನೋಡಿದ್ರೆ ಅವುಗಳಲ್ಲಿ ರೋಗ ತರೋಕೆ ಬಳಸೋ ಸೂಜಿಯಂಥ ವ್ಯವಸ್ಥೆಯ ಜೀನುಗಳು, ಇಲ್ಲಾ ಅವನ್ನ ನಡೆಸೋ ಜೀನು, ಮ್ಯುಟೇಷನ್‌ನಿಂದ ನಿಂತು ಹೋಗಿತ್ತು. 2010ರಲ್ಲಿ ಇದು ಪ್ರಕಟ ಆಯ್ತು. ಸಾರಜನಕ ಅವು ಕೊಡಲಿಲ್ಲ, ಹೊಲಕ್ಕೆ ಉಪಯೋಗವೂ ಇಲ್ಲ, ಆದ್ರೆ ರೋಗಾಣುವಿಗೂ ಸ್ನೇಹಿತನಿಗೂ ನಡುವೆ ಒಂದು ಪ್ಲಾಸ್ಮಿಡ್ಡು ಮತ್ತೆ ಒಂದೆರಡು ಮ್ಯುಟೇಷನ್ನು ಅಷ್ಟೇ ಇರೋದು ಅನ್ನೋದು ಸಣ್ಣ ವಿಷಯ ಅಲ್ಲ.

ಇಷ್ಟು ತಿಳ್ಕೊಂಡು ರೈಜೋಬಿಯಂ ಪ್ಯಾಕೆಟ್ ಕಡೆ ಬರೋಣ. ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಹಚ್ಚಿ ನೆರಳಲ್ಲಿ ಒಣಗಿಸ್ತೀವಲ್ಲ, ಅದು. ಕೆಲವರು ಒಳ್ಳೇ ಫಲ ಬಂತು ಅಂತಾರೆ, ಕೆಲವರು ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ ಅಂತಾರೆ, ನನ್ನ ಪ್ರಕಾರ ಇಬ್ಬರು ಹೇಳೋದೂ ನಿಜ. ಬ್ರೆಜಿಲ್‌ನಲ್ಲಿ ಸೋಯಾಗೆ ಯೂರಿಯಾ ಹೆಚ್ಚುಕಮ್ಮಿ ಹಾಕೋದೇ ಇಲ್ಲ, ತಳಿ ಹಚ್ಚೇ ಬೆಳೀತಾರೆ, ಯೋಹಾನಾ ಡೋಬರೈನರ್ ಅನ್ನೋ ವಿಜ್ಞಾನಿಯ ದುಡಿಮೆ ಅದರ ಹಿಂದಿದೆ. ಅಲ್ಲಿ ಸೋಯಾ ಹೊಸ ಬೆಳೆ, ಮಣ್ಣಲ್ಲಿ ಅದರ ಬ್ಯಾಕ್ಟೀರಿಯಾ ಇರ್ಲಿಲ್ಲ, ಹಾಕಿದ್ದು ನಿಂತಿತು. ನಮ್ಮಲ್ಲಿ ಅವರೆ, ತೊಗರಿ, ಹುರುಳಿ, ಅಲಸಂದೆ ತಲೆತಲಾಂತರದಿಂದ ಇದಾವೆ, ಪಾವಗಡ, ಶಿರಾ ಕಡೆ ಕಡಲೆಕಾಯಿ ಬೆಳೆದು ಬೆಳೆದು ಆ ಮಣ್ಣಲ್ಲಿ ಬ್ಯಾಕ್ಟೀರಿಯಾ ಠಿಕಾಣಿ ಹೂಡಿವೆ. ಪ್ಯಾಕೆಟ್ಟಿನ ತಳಿ ಎಷ್ಟೇ ಚೆನ್ನಾಗಿ ಸಾರಜನಕ ಹಿಡಿದ್ರೂ ಗಂಟಿನೊಳಗೆ ಜಾಗ ಸಿಗಬೇಕಾದ್ರೆ ಈ ಊರಿನವುಗಳ ಜೊತೆ ಪೈಪೋಟಿ ಗೆಲ್ಲಬೇಕು. ಸಾರಜನಕ ಹಿಡಿಯೋ ಜೀನುಗಳೇ ಬೇರೆ, ಪೈಪೋಟಿ ಗೆಲ್ಲೋ ಜೀನುಗಳೇ ಬೇರೆ, ಎರಡೂ ಒಂದೇ ತಳೀಲಿ ಇರ್ಲೇಬೇಕು ಅಂತೇನಿಲ್ಲ.

ಅದಕ್ಕೇ ನಾನು ಹೇಳೋದು, ದುಡ್ಡು ಕೊಡೋ ಮೊದ್ಲು ಹೋದ ಬೆಳೆಯ ಗಂಟು ಕುಯ್ದು ನೋಡಿರಬೇಕು. ಒಳಗೆ ಚೆನ್ನಾಗಿ ಕೆಂಪಿದ್ರೆ ನಿಮ್ಮ ಮಣ್ಣಲ್ಲಿರೋವೇ ಸಾಕಷ್ಟು ದುಡೀತಿವೆ, ಗಂಟು ಕಮ್ಮಿ ಇದ್ರೆ, ಇಲ್ಲಾ ತುಂಬಾ ಇದ್ದು ಒಳಗೆಲ್ಲ ಬೆಳ್ಳಗಿದ್ರೆ, ಆಗ ಪ್ಯಾಕೆಟ್ ಹಾಕಿ ನೋಡೋದಕ್ಕೆ ಅರ್ಥ ಇದೆ. ಅದೂ ಆ ಬೆಳೆಗೇ ಅಂತ ಕೊಡೋ ತಳಿ, ತಾರೀಕು ಮೀರದ್ದು, ಬಿಸಿಲಲ್ಲಿ ಇಡದೇ ಇದ್ದದ್ದು. ಶಿಲೀಂಧ್ರನಾಶಕ ಹಚ್ಚಿದ ಬೀಜಕ್ಕೇ ಅದನ್ನೂ ಬಳಿದ್ರೆ ಬ್ಯಾಕ್ಟೀರಿಯಾ ಬದುಕೋದು ಕಷ್ಟ. ಬಿತ್ತುವಾಗ ಯೂರಿಯಾ ಜಾಸ್ತಿ ಸುರಿದ್ರಂತೂ ಗಿಡಾನೇ ಗಂಟು ಕಟ್ಟೋದನ್ನ ನಿಲ್ಲಿಸತ್ತೆ, ಪುಕ್ಕಟೆ ನೈಟ್ರೇಟ್ ಸಿಗೋವಾಗ ಸಕ್ಕರೆ ಖರ್ಚು ಮಾಡೋಕೆ ಅದಕ್ಕೇನು ಹುಚ್ಚಾ.

ಪ್ರಶ್ನೆಗಳಲ್ಲಿ ಮೊದಲನೇದು ಒಬ್ಬ ಯಜಮಾನ್ರು ಕೇಳಿದ್ದು: "ಮೇಡಂ, ರಾಗೀಲಿ ಅವರೆ ಅಕ್ಕಡಿ ಹಾಕ್ತೀವಿ, ಅವರೆ ಹಿಡಿದಿದ್ದು ರಾಗಿಗೆ ಸಿಗತ್ತಾ?" ಆ ವರ್ಷಕ್ಕೆ ಸಿಗೋದು ಕಮ್ಮಿ ಯಜಮಾನ್ರೆ. ಹೆಚ್ಚಿನ ಪಾಲು ಅವರೆಕಾಳಿಗೇ ಹೋಗತ್ತೆ, ಉದುರಿದ ಎಲೆ, ಬೇರು, ಗಂಟು ಕೊಳೆತ ಮೇಲೆ ಮುಂದಿನ ಬೆಳೆಗೆ ಸಿಗತ್ತೆ, ಗಿಡ ಬುಡಸಮೇತ ಕಿತ್ತು ಹೊರಗೆ ಹಾಕದೆ ಬೇರು ಹೊಲದಲ್ಲೇ ಬಿಟ್ರೆ ಅಷ್ಟು ಒಳ್ಳೇದು.

"ರಾಗೀಲೇ ಗಂಟು ಬರೋ ಹಂಗೆ ಮಾಡೋಕಾಗಲ್ವಾ?" ಅಂತ ಅವರ ಪಕ್ಕದೋರು. ಇದು ತಮಾಷೆ ಪ್ರಶ್ನೆ ಅಲ್ಲ, ದೊಡ್ಡ ದೊಡ್ಡ ಲ್ಯಾಬುಗಳು ಧಾನ್ಯದ ಬೆಳೆಗಳಲ್ಲಿ ಇದಕ್ಕೆ ಪ್ರಯತ್ನ ಪಡ್ತಿವೆ. ಆಸೆಗೆ ಕಾರಣವೂ ಇದೆ. ರಾಗಿ ಬೇರಲ್ಲಿ ಮೈಕೊರೈಜಾ ಅನ್ನೋ ಶಿಲೀಂಧ್ರ ವಾಸ ಮಾಡತ್ತೆ, ರಂಜಕ ತಂದು ಕೊಡತ್ತೆ. ಆ ಶಿಲೀಂಧ್ರಗಳು ಕಳಿಸೋ ಸಂದೇಶಗಳಲ್ಲಿ ಕೆಲವು ನಾಡ್ ಫ್ಯಾಕ್ಟರ್ ಥರದವೇ ಅಂತ 2011ರಲ್ಲಿ ಗೊತ್ತಾಯ್ತು, ಸಂದೇಶ ತಗೊಂಡು ಒಳಗೆ ಸಾಗಿಸೋ ಜೀನುಗಳಲ್ಲಿ ಹಲವು ಎರಡಕ್ಕೂ ಒಂದೇ. ಅಂದ್ರೆ ಅರ್ಧ ದಾರಿ ಹಾಕಿದ್ದಾಗಿದೆ. ಉಳಿದರ್ಧ, ಗಂಟು ಅನ್ನೋ ಅಂಗ ಕಟ್ಟೋದು, ಒಳಗೆ ಆಮ್ಲಜನಕದ ಲೆಕ್ಕ ಇಡೋದು, ಹೋಮೋಸಿಟ್ರೇಟ್ ಕೊಡೋದು, ಅದೇ ಕಷ್ಟದ್ದು. ಸದ್ಯಕ್ಕೆ ಅಕ್ಕಡೀನೇ ನಂಬ್ಕೊಳಿ.

ಕೊನೇಲಿ ಬಿಎಸ್ಸಿ ಹುಡುಗಿ ಒಬ್ಬಳು ಕೇಳಿದ್ಲು, ಜೀನು ದಾಟಿದೆ ಅಂತ ನಮ್ಮ ಮಣ್ಣಲ್ಲಿ ನಾವೇ ನೋಡೋದು ಹೇಗೆ ಮೇಡಂ ಅಂತ. ನೋಡಬಹುದು ಕಣಮ್ಮ. ಗಂಟನ್ನ ತೊಳೆದು ಆಲ್ಕೋಹಾಲಲ್ಲಿ ಅದ್ದಿ, ಆಮೇಲೆ ಬ್ಲೀಚ್ ನೀರಲ್ಲಿ ಇಟ್ಟು, ಶುದ್ಧ ನೀರಲ್ಲಿ ಹಲವು ಸಲ ಜಾಲಿಸಿ, ಜಜ್ಜಿ ಈಸ್ಟ್-ಮ್ಯಾನಿಟಾಲ್ ಅಗಾರ್ ಮೇಲೆ ಗೀಚ್ಬೇಕು. ಎರಡು ಮೂರು ದಿನಕ್ಕೆ ಲೋಳೆಯಾಗಿ ಬರೋವು ಬೇಗ ಬೆಳೆಯೋ ಥರದವು, ವಾರ ಕಾಯಿಸೋವು ಬ್ರಾಡಿರೈಜೋಬಿಯಂ ಕಡೆಯವು, ನಮ್ಮ ಕಡಲೆಕಾಯಿ, ಅಲಸಂದೇಲಿ ಹೆಚ್ಚಾಗಿ ಇವೇ ಸಿಗೋದು, ಪ್ಲೇಟ್ ಬೇಗ ಎಸೀಬೇಡಿ. ಶುದ್ಧ ಕಾಲೊನಿ ಸಿಕ್ಕ ಮೇಲೆ ಎರಡು ಪಿಸಿಆರ್ (ಬೇಕಾದ ಜೀನನ್ನ ಸಾವಿರಾರು ನಕಲು ಮಾಡೋ ವಿಧಾನ) ಮಾಡಿ, ಒಂದು ಕ್ರೋಮೋಸೋಮಿನ ಜೀನಿಗೆ, ಜಾತಿ ಗುರುತಿಸೋಕೆ ಬಳಸೋ 16ಎಸ್ ಜೀನೊಂದೇ ಸಾಲದು ರೆಕ್ ಎ ಅನ್ನೋ ಜೀನಿನ ಥರದ್ದೂ ಬೇಕು, ಇನ್ನೊಂದು ನಾಡ್ ಸಿ ಜೀನಿಗೆ. ಎರಡಕ್ಕೂ ಬೇರೆ ಬೇರೆ ವಂಶವೃಕ್ಷ ಬರೆದು ಪಕ್ಕಪಕ್ಕ ಇಡಿ. ಕ್ರೋಮೋಸೋಮ್ ಲೆಕ್ಕದಲ್ಲಿ ದೂರದ ಸಂಬಂಧಿಗಳಾದ ಎರಡು ತಳಿ ನಾಡ್ ಸಿ ಲೆಕ್ಕದಲ್ಲಿ ಒಡಹುಟ್ಟಿದವುಗಳ ಥರ ಬಂದ್ರೆ ಅಲ್ಲಿ ಜೀನು ದಾಟಿದೆ ಅಂತ. ಒಂದೇ ಗಿಡದಿಂದ ಎಲ್ಲಾ ಗಂಟು ಆರಿಸ್ಬೇಡಿ, ಹೊಲದ ನಾಲ್ಕು ಕಡೆಯಿಂದ ತಗೊಳಿ, ಹೂ ಬಿಡೋ ಹೊತ್ತಲ್ಲೇ ತಗೊಳಿ, ಕಾಯಿ ಬಲಿತ ಮೇಲೆ ಹೋದ್ರೆ ಗಂಟು ಕೊಳೆಯೋಕೆ ಶುರುವಾಗಿರತ್ತೆ.